ಆಷಾಢದ ಗಾಳಿಯಲ್ಲಿ ಶಿವಗಂಗೆ ಬೆಟ್ಟ: ನನ್ನ ಅನುಭವ

ಮಳೆಗಾಲದಲ್ಲಿ ಬೆಟ್ಟ ಹತ್ತುವುದಾದರೆ ನನಗೆ ಆಷಾಢವೇ ಇಷ್ಟ. ಬೆಂಗಳೂರಿನ ಸುತ್ತಮುತ್ತ ಜೂನ್, ಜುಲೈನಲ್ಲಿ ಪಶ್ಚಿಮದ ಗಾಳಿ ಜೋರು, ಮಳೆ ಜಿಟಿಜಿಟಿ, ಗುಡುಗು ಕಡಿಮೆ. ಏಪ್ರಿಲ್, ಮೇ ಮತ್ತು ಸೆಪ್ಟೆಂಬರ್, ಅಕ್ಟೋಬರ್ ಹಾಗಲ್ಲ. ಬೆಳಿಗ್ಗೆ ಬಿಸಿಲಿದ್ದರೂ ಮಧ್ಯಾಹ್ನದ ಮೇಲೆ ಸಿಡಿಲು ಬರಬಹುದು. ಶಿವಗಂಗೆಯ ಕಡಿದಾದ ಕಡೆಯೆಲ್ಲ ಕಬ್ಬಿಣದ ಕಂಬಿ ಹಿಡಿದೇ ಹತ್ತಬೇಕು. ಸಿಡಿಲು ಬಂದರೆ ಕಂಬಿ ಹಿಡಿಯುವ ಹಾಗಿಲ್ಲ, ಬಿಟ್ಟರೆ ಒದ್ದೆ ಬಂಡೆಯ ಮೇಲೆ ನಿಲ್ಲುವ ಹಾಗಿಲ್ಲ. ಅದಕ್ಕೇ ಯಾವ ತಿಂಗಳಾದರೂ ಸಿಡಿಲಿನ ಮುನ್ನೆಚ್ಚರಿಕೆ ಕೊಡುವ ದಾಮಿನಿ ಆ್ಯಪ್ ನೋಡದೆ ನಾನು ಹೊರಡುವುದಿಲ್ಲ.

ತುಮಕೂರು ರಸ್ತೆಯಲ್ಲಿ ದಾಬಸ್‌ಪೇಟೆಗೆ ಹೋಗಿ ಎಡಕ್ಕೆ ತಿರುಗಿದರೆ ಬೆಟ್ಟ ಹತ್ತಿರವೇ. ಜೀನ್ಸ್, ಕಾಟನ್ ಬನಿಯನ್ ಬೇಡ. ಒದ್ದೆಯಾದರೆ ಬೇಗ ಒಣಗುವುದಿಲ್ಲ, ಗಾಳಿಗೆ ಮೈ ನಡುಗಲು ಶುರುವಾಗುತ್ತದೆ. ಪಾಲಿಯೆಸ್ಟರ್ ಟೀಶರ್ಟ್, ಮೇಲೊಂದು ಮೈಗಂಟುವ ರೇನ್ ಜಾಕೆಟ್ ಸಾಕು. ಸಡಿಲವಾಗಿ ಹೊದೆಯುವ ಪಾಂಚೋ ಮಾತ್ರ ಹಾಕಬೇಡಿ. ಗಾಳಿ ಒಳಗೆ ಹೊಕ್ಕರೆ ಅದು ಮೇಲೆದ್ದು ಮುಖಕ್ಕೇ ಸುತ್ತಿಕೊಳ್ಳುತ್ತದೆ, ಕಾಲಿಡಬೇಕಾದ ಮೆಟ್ಟಿಲು ಕಾಣುವುದಿಲ್ಲ.

ಬಂಡೆಯನ್ನು ನೋಡಿ ಹೆಜ್ಜೆ ಇಡುವುದು ಅಭ್ಯಾಸವಾಗಬೇಕು. ಗ್ರಾನೈಟ್ ಬೂದು ಬಣ್ಣದಲ್ಲಿ ತರಿತರಿಯಾಗಿದ್ದರೆ ಒದ್ದೆಯಾದರೂ ಬೂಟಿಗೆ ಹಿಡಿತ ಸಿಗುತ್ತದೆ. ನೀರು ಹರಿದು ಹರಿದು ಕಪ್ಪು ಪಟ್ಟೆ ಬಿದ್ದಿರುತ್ತಲ್ಲ, ಅಲ್ಲಿ ಪಾಚಿ ಕಟ್ಟಿರುತ್ತದೆ. ಮಳೆ ಬಿದ್ದರೆ ಅದು ಲೋಳೆಯಾಗುತ್ತದೆ. ಎರಡೇ ಅಡಿ ಅಗಲ ಇದ್ದರೂ ಸುತ್ತಿಕೊಂಡು ಹೋಗುತ್ತೇನೆ. ಮೆಟ್ಟಿಲುಗಳಲ್ಲೂ ನಡುಭಾಗ ಸವೆದು ನುಣುಪಾಗಿದ್ದರೆ ಕಂಬಿಯ ಪಕ್ಕಕ್ಕೇ ಪೂರ್ತಿ ಪಾದ ಊರುತ್ತೇನೆ.

ಆದರೆ ತುದಿ ತಲುಪುತ್ತೀವೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುವುದು ಮಳೆಯಲ್ಲ, ಗಾಳಿ. ಗಾಳಿಯ ವೇಗ ಎರಡು ಪಟ್ಟಾದರೆ ಅದು ನಮ್ಮನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಕೆಳಗೆ ಹಿತವಾಗಿ ಬೀಸುವ ಗಾಳಿ ಮೇಲೆ ಬೇರೆಯೇ ಆಗಿರುತ್ತದೆ. ದಾರಿಯಲ್ಲಿ ಸಿಗುವ ಒಳಕಲ್ಲು ತೀರ್ಥ ದಾಟಿದ ಮೇಲೆ ಬಯಲಾಗಿರುವ ಒಂದು ಕಡೆ, ಅಂಚಿನಿಂದ ದೂರ, ಕಾಲು ಅಗಲಿಸಿ ಏನನ್ನೂ ಹಿಡಿಯದೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಗಾಳಿಗೆ ಪಾದ ಕದಲಿದರೆ ಅಲ್ಲಿಂದಲೇ ವಾಪಸ್. ಜೊತೆಯವರು ಎಷ್ಟೇ ಒತ್ತಾಯ ಮಾಡಲಿ, ಈ ಮಾತಿಗೆ ವಿನಾಯಿತಿ ಇಲ್ಲ.

ಪಾದ ಕದಲದಿದ್ದರೆ ಮೇಲಿನ ಬಸವಣ್ಣನ, ಅಂದರೆ ಕಲ್ಲಿನ ನಂದಿಯ, ಕಡೆ ಹೊರಡುತ್ತೇನೆ. ಗಾಳಿ ಒಂದೇ ಸಮ ಬೀಸುವುದಿಲ್ಲ, ರಭಸ ಬಂದು ಹೋಗುತ್ತಿರುತ್ತದೆ. ರಭಸ ಬಂದಾಗ ಮಂಡಿ ಬಗ್ಗಿಸಿ ಎರಡೂ ಕೈಯಲ್ಲಿ ಕಂಬಿ ಹಿಡಿದು ಕೂರುತ್ತೇನೆ. ತಣ್ಣಗಾದಾಗ ನಾಲ್ಕು ಮೆಟ್ಟಿಲು ಹತ್ತುತ್ತೇನೆ. ಬೇಗ ಹತ್ತಿ ಮುಗಿಸೋಣ ಅನ್ನುವ ಆತುರ ಅಲ್ಲಿ ನಡೆಯುವುದಿಲ್ಲ. ಅಂಥ ದಿನ ಬಸವಣ್ಣನಿಗೆ ದೂರದಿಂದಲೇ ಕೈ ಮುಗಿಯುತ್ತೇನೆ, ಸುತ್ತು ಹಾಕುವುದಿಲ್ಲ.

ಇಳಿಯುವಾಗ ಜಾಸ್ತಿ ಹುಷಾರಾಗಿರಬೇಕು. ತೀರಾ ಕಡಿದಾದ ಕಡೆ ಬಂಡೆಗೆ ಮುಖ ಮಾಡಿ, ಏಣಿ ಇಳಿಯುವ ಹಾಗೆ ಇಳಿಯುತ್ತೇನೆ. ಕೈಯಲ್ಲಿ ಕವರು, ತಿಂಡಿ ಏನೂ ಇರಬಾರದು. ಕೋತಿ ಬಂದು ಕಿತ್ತುಕೊಂಡರೆ ಆಯ ತಪ್ಪುತ್ತದೆ. ಸಾಧ್ಯವಾದರೆ ವಾರದ ದಿನ ಹೋಗಿ. ಭಾನುವಾರ ಅದೇ ಕಿರಿದಾದ ಮೆಟ್ಟಿಲಲ್ಲಿ ಹತ್ತುವವರು, ಇಳಿಯುವವರು ಎದುರಾಗುತ್ತಾರೆ, ದಾರಿ ಬಿಡಲು ಕಂಬಿ ಬಿಡಬೇಕಾಗುತ್ತದೆ.