ಫರಸಿ ಮಾರುವವ ಶಾಸನ ನೋಡಲು ಹೋದದ್ದು

ನಮ್ಮದು ಫರಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲಿನ ದಂಧೆ. ಶಹಾಬಾದ್ ಕಡೆಯ ಖಣಿಯಿಂದ ಕಲ್ಲು ತರಿಸಿ, ಕೊಯ್ಸಿ, ಪಾಲಿಶ್ ಹೊಡೆಸಿ ಮಾರುವುದು. ಹಾಗಾಗಿ ಗುಡಿಗೆ ಹೋದರೂ ಕೋಟೆಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಕಲ್ಲಿನ ಮೇಲೆ, ದೇವರ ಸರದಿ ಆಮೇಲೆ. ಇದಕ್ಕೆ ಮನೆಯಲ್ಲಿ ಬೈಸಿಕೊಂಡದ್ದು ಕಡಿಮೆಯೇನಲ್ಲ.

ಈ ತಿರುಗಾಟ ಶುರು ಮಾಡಿದಾಗ ನನಗೂ ಎಲ್ಲರಂತೆ ಅವಸರ. ಒಂದೇ ದಿನದಲ್ಲಿ ಕಲಬುರಗಿ ಕೋಟೆ, ಹಫ್ತ್ ಗುಂಬಜ್, ಬಂದೇ ನವಾಜ್ ದರ್ಗಾ, ಶರಣಬಸವೇಶ್ವರ ಗುಡಿ, ಊಟ ಆದಮೇಲೆ ಮಳಖೇಡ. ರಾತ್ರಿ ಮಗಳು ಕೇಳಿದಳು, 'ಅಪ್ಪಾ, ಕೋಟ್ಯಾಗಿನ ಮಸೀದಿ ಅಂಗಳ ದೊಡ್ಡದದ ಏನು?' 'ಇರಬೇಕು' ಅಂದೆ. ಇನ್ನೊಮ್ಮೆ ಹೋಗಿ ನೋಡಿದರೆ ಆ ಮಸೀದಿಗೆ ಅಂಗಳವೇ ಇಲ್ಲ! 1367ರಲ್ಲಿ ಕಟ್ಟಿದ ಆ ಜಾಮಿ ಮಸೀದಿಯ ವಿಶೇಷವೇ ಅದು, ನಡುವೆ ಬಯಲು ಬಿಡದೆ ಇಡೀ ಜಾಗಕ್ಕೆ ಗುಮ್ಮಟ ಮುಚ್ಚಿದ್ದಾರೆ. ಒಳಗೆ ನಿಂತು ಫೋಟೊ ಹೊಡೆಸಿಕೊಂಡು ಬಂದವನಿಗೆ ತಲೆಯ ಮೇಲೆ ಏನಿತ್ತು ಅನ್ನುವುದೇ ನೆನಪಿರಲಿಲ್ಲ. ಅವತ್ತಿನಿಂದ ಒಂದು ದಿನಕ್ಕೆ ಒಂದೇ ಊರು ಅಂತ ಮಾಡಿಕೊಂಡೆ.

ಕಲಬುರಗಿ ಜಿಲ್ಲೆಯ ಸನ್ನತಿಗೆ ಮೊದಲ ಸಲ ಹೋದದ್ದು ಅಲ್ಲಿನ ದೇವಿ ಚಂದ್ರಲಾಂಬೆಗೆ ಹರಕೆ ತೀರಿಸಲು. ರೈಲಿಗೆ ಹೋಗುವವರು ನಾಲವಾರದಲ್ಲಿ ಇಳಿದು ಮುಂದೆ ಗಾಡಿ ಹಿಡಿಯಬೇಕು, ನಾವು ಬೈಕಿನಲ್ಲೇ ಹೋದೆವು. ಭೀಮೆಯ ದಂಡೆ, ಸುತ್ತ ತೊಗರಿ ಹೊಲ. ಈ ಗುಡಿಯ ಆವರಣದಲ್ಲಿದ್ದ ಕಾಳಮ್ಮನ ಗುಡಿಯ ಮಾಳಿಗೆ 1986ರಲ್ಲಿ ಕುಸಿದು ಮೂರ್ತಿಗೆ ಧಕ್ಕೆಯಾಯಿತು. ಮಣ್ಣು ತೆಗೆದಾಗ ಗೊತ್ತಾದದ್ದು, ದೇವಿಗೆ ಪೀಠವಾಗಿ ಇಟ್ಟಿದ್ದ ಬಂಡೆ ಅಶೋಕನ ಶಾಸನ ಅಂತ. ಎರಡೂ ಬದಿಗೆ ಅಕ್ಷರ. ಅಶೋಕನ ದೊಡ್ಡ ಶಾಸನಗಳಲ್ಲಿ ಹನ್ನೆರಡನೆಯದು, ಹದಿನಾಲ್ಕನೆಯದು, ಜೊತೆಗೆ ಒಡಿಶಾದ ಧೌಲಿ, ಜೌಗಡದಲ್ಲಿ ಸಿಕ್ಕ ಎರಡು ಪ್ರತ್ಯೇಕ ಶಾಸನಗಳೂ ಅದರಲ್ಲಿವೆ.

ಎಲ್ಲರೂ ಆ ಬಂಡೆಯ ಅಕ್ಷರ ನೋಡುತ್ತಾರೆ, ನಾನು ನೋಡಿದ್ದು ತೂತು. ಮೂರ್ತಿಯ ಬುಡ ಕೂರಿಸಲು ಬಂಡೆಯ ನಡುವೆ ಚೌಕಾಗಿ ಕಡಿದಿದ್ದಾರೆ. ಅಷ್ಟೂ ಜಾಗದ ಬರಹ ಹೋಯಿತು. ಕಡಿದವನಿಗೆ ಅದು ಅಶೋಕನ ಕಾಲದ ಬ್ರಾಹ್ಮಿ ಲಿಪಿ ಅಂತ ಎಲ್ಲಿಂದ ಗೊತ್ತಾಗಬೇಕು? ಮಟ್ಟಸವಾದ, ಗಟ್ಟಿಯಾದ ಒಂದು ಹಾಸು ಕಂಡಿದೆ, ಎತ್ತಿ ತಂದಿದ್ದಾನೆ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ನಿಜ ಹೇಳಬೇಕೆಂದರೆ, ನಮ್ಮ ಅಂಗಡಿಗೆ ಯಾವುದೋ ಹಳೇ ವಾಡೆ ಕೆಡವಿದ ಕಲ್ಲು ಬಂದಾಗೆಲ್ಲ ಈಗ ಹಿಂದೆ ಮುಂದೆ ತಿರುಗಿಸಿ ನೋಡಿಯೇ ಕೊಯ್ಯಲು ಹಾಕುತ್ತೇನೆ.

ಅಲ್ಲಿಂದ ಎರಡು ಮೂರು ಕಿಲೋಮೀಟರಿನಲ್ಲಿ ಕನಗನಹಳ್ಳಿ. ಪುರಾತತ್ವ ಇಲಾಖೆಯವರು 1994ರಿಂದ ಅಗೆದು ಹೊರತೆಗೆದ ಬೌದ್ಧ ಸ್ತೂಪ. ಶಾಸನಗಳಲ್ಲಿ ಅದರ ಹೆಸರು ಅಧೋಲೋಕ ಮಹಾಚೈತ್ಯ. ಆ ಹಾಸುಗಲ್ಲುಗಳನ್ನು ನೋಡಿ ನನಗೆ ಮಾತೇ ಹೊರಡಲಿಲ್ಲ. ಅದು ನಮ್ಮ ಕಲ್ಲು! ಪದರು ಪದರಾಗಿ ಏಳುವ ಅದೇ ಸುಣ್ಣಗಲ್ಲಿನ ಜಾತಿ. ನಾವು ಅಡಿಗೆಮನೆ ಕಟ್ಟೆಗೆ, ಮೋರಿಗೆ ಹಾಕುವ ಕಲ್ಲಿನಲ್ಲಿ ಶಾತವಾಹನರ ಕಾಲದವರು ರಾಜ, ರಾಣಿ, ಕುದುರೆ, ಬೋಧಿವೃಕ್ಷ ಎಲ್ಲ ಎಬ್ಬಿಸಿದ್ದಾರೆ. ಒಂದು ಹಾಸಿನಲ್ಲಿ ರಾಜ, ಪಕ್ಕದಲ್ಲಿ ರಾಣಿ, ಸುತ್ತ ಸೇವಕಿಯರು, ಒಬ್ಬಳ ಕೈಯಲ್ಲಿ ಕೊಡೆ. ಮೇಲೆ ಬ್ರಾಹ್ಮಿಯಲ್ಲಿ ಚಿಕ್ಕ ಬರಹ, 'ರಾಯೋ ಅಸೋಕೋ'. ಹೆಸರು ಬರೆದ ಅಶೋಕನ ಚಿತ್ರ ಅಂತ ಇದು ಹೆಸರಾದದ್ದು.

ಆ ಬರಹ ಹೇಗೆ ನೋಡಬೇಕು ಅನ್ನುವುದು ನನಗೆ ದಂಧೆಯಲ್ಲೇ ಕಲಿತ ವಿದ್ಯೆ. ಪಾಲಿಶ್ ಆದ ಫರಸಿಯಲ್ಲಿ ಗೀರು ಉಂಟೋ ಇಲ್ಲವೋ ನೋಡಲು ನಾವು ಎದುರು ನಿಲ್ಲುವುದಿಲ್ಲ. ಕಲ್ಲನ್ನು ಬೆಳಕಿಗೆ ಓರೆಯಾಗಿ ಹಿಡಿದು ಕಣ್ಣು ಅಂಚಿಗೆ ತರುತ್ತೇವೆ. ಶಾಸನಕ್ಕೂ ಹಾಗೆಯೇ. ನೆತ್ತಿಯ ಮೇಲೆ ಸೂರ್ಯ ಇದ್ದರೆ ಅಕ್ಷರ ಸತ್ತಂತೆ. ಬೆಳಿಗ್ಗೆ ಏಳು ಎಂಟರ ಬಿಸಿಲು ಅಡ್ಡ ಬಿದ್ದಾಗ ಒಂದೊಂದು ಗೀಟಿಗೂ ನೆರಳು ಬಂದು ಸಾಲು ಎದ್ದು ನಿಲ್ಲುತ್ತದೆ. ಗುಡಿಯೊಳಗೆ ಕತ್ತಲಿದ್ದರೆ ಮೊಬೈಲ್ ಟಾರ್ಚನ್ನು ಗೋಡೆಗೆ ಹೆಚ್ಚುಕಡಿಮೆ ಅಂಟಿಸಿದಂತೆ ಬದಿಯಿಂದ ಹಿಡಿಯಬೇಕು. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಬರೀ ಬಿಳಿ ಗೋಡೆ ಬರುತ್ತದೆ.

ಇದು ಗೊತ್ತಿದ್ದೂ ನಾಗಾವಿಯಲ್ಲಿ ನಾನು ದಡ್ಡತನ ಮಾಡಿದೆ. ಚಿತ್ತಾಪುರದ ಹತ್ತಿರದ ಊರು. ಎಲ್ಲಮ್ಮನ ಜಾತ್ರೆಗೆ ಹೋಗುವವರೇ ಹೆಚ್ಚು, ಆದರೆ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅಲ್ಲಿ ದೊಡ್ಡ ಘಟಿಕಾಸ್ಥಾನ, ಅಂದರೆ ವಿದ್ಯಾಪೀಠ ಇತ್ತು. 1058ರ ಶಾಸನದಲ್ಲಿ ವೇದ ಓದುವ ಇನ್ನೂರು, ಶಾಸ್ತ್ರ ಓದುವ ಐವತ್ತೆರಡು ಹುಡುಗರ ಲೆಕ್ಕ ಇದೆ. ಅವರ ಉಪಾಧ್ಯಾಯರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು. ಅಂದರೆ ಪುಸ್ತಕ ಕಾಯುವವರೇ ಆರು ಜನ! ನಾನು ಹೋದಾಗ ಮಧ್ಯಾಹ್ನ ಹನ್ನೆರಡು ಹೊಡೆದಿತ್ತು. ಒಂದು ಮುರುಕು ಗುಡಿಯ ಬದಿಯ ಶಾಸನದ ಕಲ್ಲಿನಲ್ಲಿ ಒಂದು ಅಕ್ಷರವೂ ಕಾಣಲಿಲ್ಲ. ಅಳತೆ ಗುರುತು ಹಾಕುವ ಖಡು, ಅಂದರೆ ಸೀಮೆಸುಣ್ಣ, ನನ್ನ ಕಿಸೆಯಲ್ಲಿ ಇದ್ದೇ ಇರುತ್ತದೆ. ತೆಗೆದು ಉಜ್ಜಲು ಶುರು ಮಾಡಿದೆ. ಆಡು ಕಾಯುತ್ತಿದ್ದ ಮುತ್ಯಾ ಒಬ್ಬರು ದೂರದಿಂದಲೇ ಕೂಗಿದರು.

'ಏ ತಮ್ಮಾ, ಅದೇನ್ ಬರೀಲತ್ತೀದಿ?'

'ಬರೀಲತ್ತಿಲ್ಲ ಮುತ್ಯಾ, ಓದಲತ್ತೀನಿ.'

'ಓದಾಂವ ಖಡು ಯಾಕ ಹಿಡದಿ? ಸಂಜೀ ಮುಂದ ಬಾ. ತಾನ ಕಾಣ್ತದ.'

ನಾಚಿಕೆಯಾಯಿತು. ಖಡು ತುಂಬಿದರೆ ಬಿರುಕೂ ಗೀಟಿನಂತೆ ಕಾಣುತ್ತದೆ, ಇಲ್ಲದ ಅಕ್ಷರ ಹುಟ್ಟುತ್ತದೆ, ಒರೆಸಲು ಹೋದರೆ ಮೇಲಿನ ಹೊಪ್ಪಳಿಕೆ ಏಳುತ್ತದೆ. ಬೇವಿನ ಗಿಡದ ಕೆಳಗೆ ಕೂತು ಬುತ್ತಿ ಬಿಚ್ಚಿದೆವು. ಖಡಕ್ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಮುತ್ಯಾನೂ ಎರಡು ರೊಟ್ಟಿ ತಿಂದರು. ಐದರ ಮೇಲೆ ಹೋಗಿ ನೋಡಿದರೆ ಅವರು ಹೇಳಿದ ಹಾಗೆಯೇ ಕಲ್ಲು ಅಕ್ಷರ ಬಿಟ್ಟುಕೊಟ್ಟಿತ್ತು. ನನಗೆ ಓದಲು ಬಂದದ್ದು ಮೇಲಿದ್ದ ಸೂರ್ಯ ಚಂದ್ರ ಮಾತ್ರ, ಆ ಮಾತು ಬೇರೆ.

ಕಲ್ಲಿನವನಾಗಿ ಇನ್ನೊಂದು ಹೇಳಲೇಬೇಕು. ನಮ್ಮ ಕಡೆ ಶಾಸನದ ಕಲ್ಲಿಗೂ ಎಣ್ಣೆ ಹಚ್ಚಿ ಲಿಂಬೆಹಣ್ಣು ಹಿಂಡುತ್ತಾರೆ. ಫರಸಿ ನೆಲದ ಮನೆಯವರನ್ನು ಕೇಳಿ ನೋಡಿ, ಉಪ್ಪಿನಕಾಯಿ ರಸ ಬಿದ್ದ ಕಡೆ ಹೊಳಪು ಹೋಗಿ ಬಿಳಿ ಕಲೆ ನಿಲ್ಲುತ್ತದೆ. ಸುಣ್ಣಗಲ್ಲಿಗೆ ಹುಳಿ ಅಂದರೆ ವಿಷ. ಮನೆ ನೆಲಕ್ಕಾದರೆ ಮತ್ತೆ ಪಾಲಿಶ್ ಹೊಡೆಯಬಹುದು. ಲಿಂಬೆಹಣ್ಣನ್ನು ಕಲ್ಲಿನ ಮುಂದೆ ನೆಲದ ಮೇಲೆ ಇಡಿ, ದೇವರೇನೂ ಸಿಟ್ಟಾಗುವುದಿಲ್ಲ.

ಮಳೆಗಾಲದಲ್ಲಿ ಎರೆಮಣ್ಣಿನ ದಾರಿಗೆ ಬೈಕ್ ಇಳಿಸಬೇಡಿ, ಗಾಲಿಗೆ ಮೆತ್ತಿದ ಮಣ್ಣು ಕೆರೆಯುವುದರಲ್ಲೇ ದಿನ ಮುಗಿಯುತ್ತದೆ. ಬೇಸಿಗೆಯ ಬಿಸಿಲು ಗೊತ್ತೇ ಇದೆ. ದೀಪಾವಳಿಯಿಂದ ಶಿವರಾತ್ರಿಯವರೆಗೆ ಸರಿ. ಗುಡಿಗೆ ಬೀಗ ಹಾಕಿದ್ದರೆ ಊರ ಕಟ್ಟೆಯ ಮೇಲೆ ಕೂತವರನ್ನು ಕೇಳಿದರೆ ಕೀಲಿ ಯಾರ ಮನೆಯಲ್ಲಿದೆ ಅಂತ ಹೇಳುತ್ತಾರೆ.

ಹೋದ ಚಳಿಗಾಲದಲ್ಲಿ ಬೀದರ್ ಜಿಲ್ಲೆಯ ಹುಮನಾಬಾದ್ ಹತ್ತಿರದ ಜಲಸಂಗವಿಗೆ ನಮ್ಮ ಹಳೇ ಕಲ್ಲುಕುಟಿಗ ಕಾಕಾನನ್ನು ಕರೆದುಕೊಂಡು ಹೋಗಿದ್ದೆ. ಕಲ್ಯಾಣ ಚಾಲುಕ್ಯರ ದೊರೆ ಆರನೇ ವಿಕ್ರಮಾದಿತ್ಯನ ಕಾಲದ ಗುಡಿ, ಹೊರಗೋಡೆಯ ತುಂಬ ಮದನಿಕೆಯರು. ಅವರಲ್ಲಿ ಒಬ್ಬಳು ವಿಕ್ರಮಾದಿತ್ಯನನ್ನು ಹೊಗಳಿ ಶಾಸನ ಬರೆಯುತ್ತಿದ್ದಾಳೆ. ಅವಳ ಮುಂದಿನ ಹಲಗೆಯ ಮೇಲೆ ಸಾಲುಗಳು ನಿಜವಾಗಿಯೂ ಕೆತ್ತಿವೆ. ಕಾಕಾ ಅವಳ ಮುಖ ನೋಡಲಿಲ್ಲ, ಬಳುಕಿದ ಸೊಂಟವನ್ನೂ ನೋಡಲಿಲ್ಲ. ಕಣ್ಣು ಕಿರಿದು ಮಾಡಿ ಕೈಗಳನ್ನೇ ಬಹಳ ಹೊತ್ತು ನೋಡಿದ.

'ಮಾಲಕ್ರೆ, ಸುತ್ತಿಗಿ ಎಲ್ಲದರೀ?'

'ಯಾರದು?'

'ಈಕಿದು. ಸುತ್ತಿಗಿ ಇಲ್ಲದ ಕಲ್ಲ ಹ್ಯಾಂಗ ಕಡೀತಾಳ?'

ಹೌದಲ್ಲ! ಹಳೇ ಶಾಸನಗಳ ಕೊನೆಯಲ್ಲಿ ಬರೆದವನ ಹೆಸರು ಬೇರೆ, ಕಂಡರಿಸಿದವನ ಹೆಸರು ಬೇರೆ ಇರುವುದುಂಟು ಅಂತ ಓದಿದ್ದು ನೆನಪಾಗಿ ಹೇಳಿದೆ. ಕಾಕಾ ತಲೆದೂಗಿದ.

'ಹಾಂಗನ್ರಿ. ಈಕಿ ಬರದುಕೊಟ್ಟಾಕಿ. ಕಡದಾಂವ ಇಲ್ಲೇ ಎಲ್ಲರೆ ಬಗಲಾಗ ಕುಂತಿರಬೇಕು' ಅಂದು, ಪಕ್ಕದ ಗೋಡೆ ಹುಡುಕುತ್ತಾ ಹೋದ.