ಅಮೆರಿಕದ ರಾಜ್ಯ ಜೈಲಿನಲ್ಲಿ ಹಿಂದೂ ಕೈದಿ ಧಾರ್ಮಿಕ ಸೌಲಭ್ಯ ಕೇಳುವ ಕ್ರಮ

ಕ್ಯಾಲಿಫೋರ್ನಿಯಾದ ಜೈಲು ಇಲಾಖೆ ಐದು ಧರ್ಮಗಳ ಚಾಪ್ಲೆನ್‌ಗಳನ್ನು, ಅಂದರೆ ಜೈಲಿನ ಧರ್ಮಗುರುಗಳನ್ನು, ಸರ್ಕಾರಿ ಸಂಬಳದ ಮೇಲೆ ಇಟ್ಟುಕೊಳ್ಳುತ್ತ ಬಂದಿದೆ: ಕ್ಯಾಥೊಲಿಕ್, ಪ್ರೊಟೆಸ್ಟೆಂಟ್, ಯಹೂದಿ, ಮುಸ್ಲಿಂ, ಅಮೆರಿಕದ ಮೂಲನಿವಾಸಿ. ಹಿಂದೂಗಳು ಈ ಪಟ್ಟಿಯಲ್ಲಿಲ್ಲ. ಹಾಗೆಂದು ಮೊದಲೇ ಹುದ್ದೆಗಾಗಿ ಜಗಳಕ್ಕಿಳಿಯಬೇಡಿ. ಪ್ರಕೃತಿಯನ್ನು ಆರಾಧಿಸುವ ವಿಕ್ಕನ್ ಪಂಥದ ಸ್ವಯಂಸೇವಕ ಗುರುವೊಬ್ಬರು ಇದೇ ನೀತಿಯನ್ನು ಪ್ರಶ್ನಿಸಿದ ಮೆಕಾಲಮ್ ಪ್ರಕರಣ 2011ರಲ್ಲಿ ಒಂಬತ್ತನೇ ಸರ್ಕ್ಯೂಟ್ ಕೋರ್ಟಿನಲ್ಲಿ, ಅಂದರೆ ಕ್ಯಾಲಿಫೋರ್ನಿಯಾ ಭಾಗದ ಫೆಡರಲ್ ಮೇಲ್ಮನವಿ ಕೋರ್ಟಿನಲ್ಲಿ, ಬಿದ್ದುಹೋಯಿತು. ಕೈದಿಗಳ ಹಕ್ಕಿನ ಪರವಾಗಿ ಹೊರಗಿನವರು ದಾವೆ ನಡೆಸಲಾಗದು ಎಂಬುದೇ ಮುಖ್ಯ ಅಡ್ಡಿಯಾಯಿತು.

ಆದ್ದರಿಂದ ಅರ್ಜಿ ಕೈದಿಯ ಹೆಸರಿನಲ್ಲೇ, ಅವರ ಸಹಿಯಲ್ಲೇ ಹೋಗಬೇಕು. ಮನೆಯವರ ಪತ್ರ ಬೆಂಬಲಕ್ಕಷ್ಟೆ. ಸಂಬಳದ ಚಾಪ್ಲೆನ್ ಬೇರೆ ಧರ್ಮದವರಾದರೂ ಮೊದಲ ಅರ್ಜಿ ಅವರಿಗೇ ಕೊಡಿ. ಉಳಿದ ಧರ್ಮದವರಿಗೆ ವ್ಯವಸ್ಥೆ ಮಾಡಿಸುವುದೂ ಅವರ ಕೆಲಸವೇ.

"ಪೂಜೆಗೆ ಅವಕಾಶ ಕೊಡಿ" ಎಂದಷ್ಟೇ ಬರೆದರೆ ಉತ್ತರವೂ ಅಷ್ಟೇ ಮಸುಕಾಗಿರುತ್ತದೆ. ವಾರ, ವೇಳೆ, ಎಷ್ಟು ಜನ, ಯಾವ ವಸ್ತು ಎಂದು ಬಿಡಿಸಿ ಬರೆಯಿರಿ. ಇಷ್ಟಲಿಂಗ ಧರಿಸುವವರು ಅದು ಸದಾ ಮೈಮೇಲಿರಬೇಕಾದ ಕಾರಣವನ್ನು ಎರಡು ಸಾಲಿನಲ್ಲಿ ಹೇಳಿ, ಅಳತೆ ಕೊಟ್ಟು, ಬೆಳ್ಳಿ ಕರಡಿಗೆಯ ಬದಲು ಬಟ್ಟೆಯ ಚೀಲ, ಸುಲಭವಾಗಿ ಕಿತ್ತುಬರುವ ತೆಳು ಶಿವದಾರ ಆದೀತು ಎಂದು ತಾವೇ ಸೂಚಿಸುವುದು ಜಾಣತನ. ಲೋಹ ಮತ್ತು ದಾರದ ಮೇಲೇ ಭದ್ರತೆಯವರ ಕಣ್ಣು. ಕರ್ಪೂರ, ಊದುಬತ್ತಿಯನ್ನು ಬೇರೆ ಅರ್ಜಿಯಲ್ಲಿ ಕೇಳಿ. ಬೆಂಕಿಯ ನೆಪದಲ್ಲಿ ಎಲ್ಲವೂ ಒಟ್ಟಿಗೆ ತಿರಸ್ಕೃತವಾಗಬಾರದು.

ನಿರಾಕರಣೆಯನ್ನು ಬರಹದಲ್ಲೇ ಪಡೆಯಿರಿ. ಕ್ಯಾಲಿಫೋರ್ನಿಯಾದಲ್ಲಿ ದೂರಿಗೆ 602-1 ಫಾರಂ, ಮೇಲ್ಮನವಿಗೆ 602-2. ಗಡುವು ತಪ್ಪಿದರೆ ಕೋರ್ಟಿನ ಬಾಗಿಲೂ ಮುಚ್ಚಿದಂತೆಯೇ: ಅಮೆರಿಕದ ಸುಪ್ರೀಂ ಕೋರ್ಟಿನ 2006ರ ವುಡ್‌ಫರ್ಡ್ ತೀರ್ಪು ಹೇಳಿದ್ದು ಅದನ್ನೇ. ಅಲ್ಲಿನ ಕೈದಿಯ ತಕರಾರೂ ಧಾರ್ಮಿಕ ಕಾರ್ಯಕ್ರಮಗಳ ಬಗ್ಗೆಯೇ ಇತ್ತು. ಪ್ರತಿ ಹಾಳೆಯ ನಕಲು, ಕೊಟ್ಟ ದಿನಾಂಕ ಇಟ್ಟುಕೊಳ್ಳಿ.

ದೂರಿನಲ್ಲಿ 2000ನೇ ಇಸವಿಯ ಆರ್‌ಎಲ್‌ಯುಐಪಿಎ (RLUIPA) ಕಾಯ್ದೆಯನ್ನು, ಅಂದರೆ ಕೈದಿಗಳ ಧಾರ್ಮಿಕ ಆಚರಣೆಗೆ ರಕ್ಷಣೆ ಕೊಡುವ ಫೆಡರಲ್ ಕಾಯ್ದೆಯನ್ನು, ಹೆಸರಿಸಿ. ಆಚರಣೆಗೆ ಗಣನೀಯ ಅಡ್ಡಿಯಾಗಿದೆ ಎಂದು ಕೈದಿ ತೋರಿಸಿದರೆ, ಬೇರೆ ದಾರಿಯೇ ಇರಲಿಲ್ಲ ಎಂದು ಸಾಬೀತುಪಡಿಸುವ ಹೊಣೆ ರಾಜ್ಯದ್ದು. ಬೇರೆ ರಾಜ್ಯದ ಜೈಲುಗಳು ಅದನ್ನೇ ಒಪ್ಪಿದ್ದರೆ ತಪ್ಪದೆ ಬರೆಯಿರಿ. 2015ರಲ್ಲಿ ಮುಸ್ಲಿಂ ಕೈದಿಯೊಬ್ಬರು ಅರ್ಧ ಇಂಚಿನ ಗಡ್ಡ ಬಿಡಲು ಅವಕಾಶ ಕೇಳಿದ ಪ್ರಕರಣದಲ್ಲಿ ಅರ್ಕಾನ್ಸಾಸ್ ರಾಜ್ಯ ಸುಪ್ರೀಂ ಕೋರ್ಟಿನಲ್ಲಿ ಸೋತಾಗ ಆ ವಾದಕ್ಕೆ ತೂಕ ಸಿಕ್ಕಿತ್ತು. ಆದರೆ ಈ ಕಾಯ್ದೆಯಡಿ ರಾಜ್ಯದಿಂದ ನಷ್ಟಪರಿಹಾರದ ಹಣ ಬರುವುದಿಲ್ಲ (ಸುಪ್ರೀಂ ಕೋರ್ಟಿನ ಸಾಸಮನ್ ತೀರ್ಪು, 2011). ಕೇಳಬೇಕಾದದ್ದು ಸೌಲಭ್ಯ ಕೊಡಿಸುವ ಕೋರ್ಟಿನ ಆದೇಶವನ್ನು.

ಸತ್ಸಂಗ ನಡೆಸಲು ಹೋಗುವ ದೇವಸ್ಥಾನದವರು ಸರ್ಕಾರದ ದುಡ್ಡು ಮುಟ್ಟದಿರುವುದೇ ಲೇಸು. ಅಯೋವಾದ ಜೈಲಿನಲ್ಲಿ ರಾಜ್ಯದ ಹಣದಿಂದ ನಡೆದ ಬೈಬಲ್ ಆಧಾರಿತ ಕಾರ್ಯಕ್ರಮ ಸಂವಿಧಾನಬಾಹಿರವೆಂದು 2007ರಲ್ಲಿ ಎಂಟನೇ ಸರ್ಕ್ಯೂಟ್ ಕೋರ್ಟು ತೀರ್ಪಿತ್ತಿತು.