ಒಂದೇ ಕಣ್ಣಿನ ಪೊರೆಯಿಂದ ಮೈಕ್ರೋ ಆರ್‌ಎನ್‌ಎ, ಗ್ಲುಟಾಥಯೋನ್ ಎರಡೂ: ಕಲಬುರಗಿಯಲ್ಲಿ ಕೈಗೂಡಿದ ವಿಧಾನ

ಪೊರೆ ಶಸ್ತ್ರಚಿಕಿತ್ಸೆಯಲ್ಲಿ ತೆಗೆಯುವ ಒಂದೊಂದೇ ಲೆನ್ಸ್ ಕ್ಯಾಪ್ಸೂಲ್‌ನಿಂದ (ಲೆನ್ಸಿನ ತೆಳು ಹೊದಿಕೆ) ಮೈಕ್ರೋ ಆರ್‌ಎನ್‌ಎ (ಜೀನ್‌ಗಳನ್ನು ಹತೋಟಿಯಲ್ಲಿಡುವ ಚಿಕ್ಕ ಆರ್‌ಎನ್‌ಎ) ಅಳೆಯಲು ಬರುವುದಿಲ್ಲ, ಹತ್ತು ಕಣ್ಣಿನದನ್ನಾದರೂ ಕೂಡಿಸಬೇಕು ಎಂದವರೇ ಹೆಚ್ಚು. ಲೆಕ್ಕ ಹಾಕಿದರೆ ಆ ಮಾತು ನಿಲ್ಲುವುದಿಲ್ಲ. 5 ಮಿ.ಮೀ. ಅಗಲದ ದುಂಡು ತುಣುಕು ಸುಮಾರು 20 ಚದರ ಮಿ.ಮೀ. ಆಗುತ್ತದೆ. ಚದರ ಮಿ.ಮೀ.ಗೆ 4–5 ಸಾವಿರ ಎಪಿಥೀಲಿಯಲ್ ಕೋಶ ಹಿಡಿದರೆ 80 ಸಾವಿರದಿಂದ ಒಂದು ಲಕ್ಷ ಕೋಶ. ಕೋಶಕ್ಕೆ 10 ಪಿಕೊಗ್ರಾಂ ಅಂದರೂ ಒಂದು ಮೈಕ್ರೊಗ್ರಾಂ ಹತ್ತಿರ ಆರ್‌ಎನ್‌ಎ ಇದೆ. ಬಹುಪಾಲು ಹಾದಿಯಲ್ಲಿ ಹಾಳಾಗಿ ನಮ್ಮ ಕೈಗೆ ಬರುವುದು 100–150 ನ್ಯಾನೊಗ್ರಾಂ. ಸ್ಟೆಮ್-ಲೂಪ್ ಆರ್‌ಟಿಗೆ (ಪಿಸಿಆರ್‌ಗೆ ಮೊದಲು ಆರ್‌ಎನ್‌ಎಯಿಂದ ಡಿಎನ್‌ಎ ಪ್ರತಿ ತೆಗೆಯುವ ಹಂತ) 10 ನ್ಯಾನೊಗ್ರಾಂ ಸಾಕು. ಕೂಡಿಸಿಬಿಟ್ಟರೆ ಯಾವ ಕಣ್ಣಿನ ಪೊರೆ ಎಷ್ಟು ಬಲಿತಿತ್ತು ಎಂಬ ಮಾಹಿತಿಯೇ ಕಳೆದುಹೋಗುತ್ತದೆ, ನಮಗೆ ಬೇಕಾದದ್ದೇ ಅದು.

ನಮ್ಮ ಭಾಗದಲ್ಲಿ ಮೋತಿಬಿಂದು (ಕಣ್ಣಿನ ಪೊರೆ) ಶಸ್ತ್ರಚಿಕಿತ್ಸೆ ಹೆಚ್ಚಾಗಿ ಎಸ್‌ಐಸಿಎಸ್, ಅಂದರೆ ಚಿಕ್ಕ ಗಾಯದಿಂದ ಕೈಯಾರೆ ತೆಗೆಯುವ ವಿಧಾನ. ಇದನ್ನು ಕೊರತೆ ಎನ್ನುವವರಿದ್ದಾರೆ, ಸಂಶೋಧನೆಗೆ ಇದೇ ಲಾಭ. ಫೇಕೊದಲ್ಲಿ (ಅಲ್ಟ್ರಾಸೌಂಡ್ ವಿಧಾನ) ನ್ಯೂಕ್ಲಿಯಸ್, ಅಂದರೆ ಲೆನ್ಸಿನ ಗಟ್ಟಿ ನಡುಭಾಗ, ಪುಡಿಯಾಗಿ ಹೀರಿಹೋಗುತ್ತದೆ, ಎಸ್‌ಐಸಿಎಸ್‌ನಲ್ಲಿ ಇಡಿಯಾಗಿ ಹೊರಬರುತ್ತದೆ. ಒಂದೇ ಕಣ್ಣಿನ ಕ್ಯಾಪ್ಸೂಲ್ ಪೂರ್ತಿ ಆರ್‌ಎನ್‌ಎಗೆ, ನ್ಯೂಕ್ಲಿಯಸ್ ಪೂರ್ತಿ ಗ್ಲುಟಾಥಯೋನ್‌ಗೆ (ಲೆನ್ಸನ್ನು ಉತ್ಕರ್ಷಣದಿಂದ ಕಾಯುವ ಅಣು). ಕ್ಯಾಪ್ಸೂಲ್ ಅರ್ಧ ಮಾಡುವ ಗೋಜೇ ಇಲ್ಲ. ಎಥಿಕ್ಸ್ ಒಪ್ಪಿಗೆ, ರೋಗಿಯ ಸಹಿ ಹೇಗೂ ಬೇಕು. ಒಪ್ಪಿಗೆ ಪತ್ರ ಕನ್ನಡದ ಜತೆ ಉರ್ದು, ತೆಲುಗಿನಲ್ಲೂ ಇರಲಿ.

ಮಾದರಿ ಹೆಚ್ಚು ಹಾಳಾಗುವುದು ಓಟಿಯಲ್ಲೇ (ಶಸ್ತ್ರಚಿಕಿತ್ಸೆಯ ಕೋಣೆ). ಕ್ಯಾನ್-ಓಪನರ್ ರೀತಿ ಕೊರೆದರೆ ಚೂರುಗಳು ಬರುತ್ತವೆ, ವಿಸ್ತೀರ್ಣದ ಲೆಕ್ಕ ಸಿಗದು. ದುಂಡಗೆ ಹರಿದ ತುಣುಕನ್ನಷ್ಟೇ ತೆಗೆದುಕೊಳ್ಳಿ. ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿಗೆ ತುಂಬುವ ಮೀಥೈಲ್ ಸೆಲ್ಯುಲೋಸ್ ಜೆಲ್ ಅಂಟಿಕೊಂಡೇ ಬಂದಿರುತ್ತದೆ. ತೊಳೆಯದೆ ಟ್ರೈಜಾಲ್‌ಗೆ (ಆರ್‌ಎನ್‌ಎ ಬೇರ್ಪಡಿಸುವ ದ್ರಾವಣ) ಹಾಕಿದರೆ ಐಸೊಪ್ರೊಪನಾಲ್ ಹಂತದಲ್ಲಿ ಅದೂ ಕೆಳಗಿಳಿದು, ಶುದ್ಧತೆ ಹೇಳುವ 260/230 ಅನುಪಾತ ಒಂದಕ್ಕಿಂತ ಕೆಳಗೆ ಹೋಗಿ, ಆರ್‌ಟಿ ನಿಂತೇಬಿಡುತ್ತದೆ. ಬಿಎಸ್‌ಎಸ್‌ನಲ್ಲಿ (ಕಣ್ಣು ತೊಳೆಯುವ ಲವಣ ದ್ರಾವಣ) ಎರಡು ಸಲ ಅದ್ದಿ, ಫೋರ್ಸೆಪ್ಸ್‌ನಲ್ಲಿ ಅಂಚು ಮಾತ್ರ ಹಿಡಿಯಬೇಕು. ಬಿಳಿ ಪೊರೆಗೆ ಟ್ರೈಪಾನ್ ಬ್ಲೂ ಹಾಕಿರುತ್ತಾರೆ. ಆ ಕ್ಯಾಪ್ಸೂಲ್‌ಗಳ ಸಿಟಿ (ಪಿಸಿಆರ್‌ನಲ್ಲಿ ಸಂಕೇತ ಕಾಣಿಸುವ ಸೈಕಲ್) ಒಂದೊಂದು ಸಲ ಎರಡು ಸೈಕಲ್ ತಡವಾಗುತ್ತದೆ. ಅವನ್ನು ಬೇರೆ ಗುಂಪಾಗಿಯೇ ಇಡಿ, ಬಣ್ಣ ಹಾಕದವುಗಳ ಜತೆ ಹೋಲಿಸಬೇಡಿ.

ರೋಗಿಗಳು ಹೆಚ್ಚಾಗಿ ಬರುವುದು ತೊಗರಿ ರಾಶಿ ಮುಗಿದ ಮೇಲೆ, ಅಂದರೆ ಬಿಸಿಲು ಏರುವ ಹೊತ್ತಿಗೇ. ಆರ್‌ಎನ್‌ಎ ಕೆಡದಂತೆ ಕಾಯುವ ಆರ್‌ಎನ್‌ಎಲೇಟರ್ ದ್ರಾವಣ 25 ಡಿಗ್ರಿಯಲ್ಲಿ ವಾರ ತಡೆಯುತ್ತದೆ, 37ರಲ್ಲಿ ಒಂದೇ ದಿನ. ಮೇ ತಿಂಗಳ 42–43ಕ್ಕೆ ಅದನ್ನು ನಂಬಿ ಕೂರುವಂತಿಲ್ಲ. ಥರ್ಮಾಕೋಲ್ ಡಬ್ಬಿ, ಜೆಲ್ ಪ್ಯಾಕ್, ರಾತ್ರಿ 4 ಡಿಗ್ರಿ, ಮರುದಿನ ಮೈನಸ್ 80. ದ್ರಾವಣ ದಪ್ಪ, ಕ್ಯಾಪ್ಸೂಲ್ ಪಾರದರ್ಶಕ. ಗೋಡೆಗೆ ಅಂಟಿದರೆ ಕಾಣುವುದೇ ಇಲ್ಲ. ಟ್ಯೂಬಿನ ಹಿಂದೆ ಕಪ್ಪು ಕಾಗದ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ನ್ಯೂಕ್ಲಿಯಸ್‌ಗೆ ಆರ್‌ಎನ್‌ಎಲೇಟರ್ ಪ್ರಯೋಜನವಿಲ್ಲ, ಗ್ಲುಟಾಥಯೋನ್ ನಿಮಿಷಗಳಲ್ಲಿ ಉತ್ಕರ್ಷಣವಾಗುತ್ತದೆ. ಪಶು ಆಸ್ಪತ್ರೆಯವರು ಕೃತಕ ಗರ್ಭಧಾರಣೆಗೆ ಒಯ್ಯುವಂಥ 3 ಲೀಟರ್ ದ್ರವ ಸಾರಜನಕದ ಕ್ಯಾನೇ ಇಲ್ಲಿ ಪರಿಹಾರ. ರಕ್ತ ತೊಳೆದು ನೇರ ಅದರಲ್ಲಿ ಇಳಿಸಿ. ರಕ್ತ ಉಳಿದರೆ ಕೆಂಪು ಕಣಗಳ ಗ್ಲುಟಾಥಯೋನ್ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ.

ಕ್ಯಾಪ್ಸೂಲ್ ಅರೆಯಬೇಡಿ. ಅದು ನಾಲ್ಕನೇ ಮಾದರಿಯ ಕೊಲ್ಯಾಜೆನ್, ಟ್ರೈಜಾಲ್‌ನಲ್ಲಿ ಕರಗುವುದಿಲ್ಲ, ಕರಗಬೇಕಾಗಿಯೂ ಇಲ್ಲ. ಕೋಶಗಳು ಮೇಲ್ಮೈಯಲ್ಲೇ ಇವೆ. 500 ಮೈಕ್ರೊಲೀಟರ್ ಟ್ರೈಜಾಲ್‌ನಲ್ಲಿ ಹತ್ತು ನಿಮಿಷ ಪಿಪೆಟ್ ಆಡಿಸಿದರೆ ಸಾಕು, ಅರೆದರೆ ಮಾಲೆಲ್ಲ ಅರೆಯುವ ಕೋಲಿಗೆ ಹತ್ತುತ್ತದೆ. ಕ್ಲೋರೋಫಾರ್ಮ್ 100 ಮೈಕ್ರೊಲೀಟರ್, ಮೇಲಿನ ಪದರಕ್ಕೆ 20 ಮೈಕ್ರೊಗ್ರಾಂ ಗ್ಲೈಕೋಜೆನ್, ಸಮ ಪ್ರಮಾಣ ಐಸೊಪ್ರೊಪನಾಲ್, ರಾತ್ರಿಯಿಡೀ ಮೈನಸ್ 20. ಗ್ಲೈಕೋಜೆನ್ ಜತೆ ಇನ್ನೊಂದನ್ನೂ ಸೇರಿಸುತ್ತೇವೆ, ಇಳುವರಿ ಅದರಿಂದಲೇ ಏರಿತು. ಅದು ಸದ್ಯಕ್ಕೆ ನಮ್ಮಲ್ಲೇ ಇರಲಿ. ತೊಳೆಯುವ ಎಥನಾಲ್ 80 ಪ್ರತಿಶತ ಇರಲಿ, 70 ಆದರೆ ಚಿಕ್ಕ ಆರ್‌ಎನ್‌ಎ ಕರಗಿ ಹೋಗುತ್ತದೆ. 12 ಮೈಕ್ರೊಲೀಟರ್ ನೀರಿನಲ್ಲಿ ಎತ್ತಿಕೊಳ್ಳಿ. ಆರ್‌ಎನ್‌ಎ ಅಳೆಯುವ ನ್ಯಾನೊಡ್ರಾಪ್ ಯಂತ್ರಕ್ಕೆ ಮಾಲು ಸುರಿಯಬೇಡಿ. ಇಷ್ಟು ಕಡಿಮೆ ಸಾಂದ್ರತೆಯಲ್ಲಿ ಅದು ಫೀನಾಲನ್ನೇ ಆರ್‌ಎನ್‌ಎ ಎಂದು ಓದುತ್ತದೆ.

ಆರ್‌ಟಿ ಎಲ್ಲರಿಗೂ ಗೊತ್ತಿರುವುದೇ: 16 ಡಿಗ್ರಿ 30 ನಿಮಿಷ, 42 ಡಿಗ್ರಿ 30 ನಿಮಿಷ, 85 ಡಿಗ್ರಿ 5 ನಿಮಿಷ. ನಾವು ಅಳೆಯುವ ಮೈಕ್ರೋ ಆರ್‌ಎನ್‌ಎ ಮಿರ್-34ಎ ನಮ್ಮಲ್ಲಿ 27–30 ಸಿಟಿಗೆ ಬರುತ್ತದೆ, 35 ದಾಟಿದ್ದನ್ನು ಎಣಿಸುವುದಿಲ್ಲ. ಹೋಲಿಕೆಯ ಅಳತೆಗೋಲಾಗಿ ಯು6 ಆರ್‌ಎನ್‌ಎ ಒಂದನ್ನೇ ನೆಚ್ಚಿದವರ ಫಲಿತಾಂಶ ಏರುಪೇರಾಗುವುದಕ್ಕೆ ಕಾರಣವಿದೆ: ಉತ್ಕರ್ಷಣ ಒತ್ತಡದಲ್ಲಿ ಯು6 ತಾನೇ ಅಲುಗಾಡುತ್ತದೆ. ಸ್ನೋರ್ಡ್48 ಜತೆ ಅಂಥದೇ ಇನ್ನೊಂದು ಅಳತೆಗೋಲು ಸೇರಿಸಿ ಗುಣೋತ್ತರ ಸರಾಸರಿ ತೆಗೆಯಿರಿ. ಮ್ಯಾಲಾಟ್1 (ಪ್ರೋಟೀನ್ ಮಾಡದ ಉದ್ದ ಆರ್‌ಎನ್‌ಎ) ನೋಡುವವರು ಡಿಎನ್‌ಎ ಕತ್ತರಿಸುವ ಕಿಣ್ವ ಡಿಎನ್‌ಏಸ್ ಬಿಡಲೇಬಾರದು. ಅದರ ಜೀನ್‌ನಲ್ಲಿ ಪ್ರೈಮರ್ ಇಡುವ ಭಾಗಕ್ಕೆ ಇಂಟ್ರಾನ್ (ಆರ್‌ಎನ್‌ಎಯಿಂದ ಕತ್ತರಿಸಿಹೋಗುವ ಭಾಗ) ಅಡ್ಡ ಬರುವುದಿಲ್ಲ, ಡಿಎನ್‌ಎ ಉಳಿದಿದ್ದರೆ ಅದೇ ಎಷ್ಟೋ ಪಟ್ಟು ಏರಿಕೆಯಾಗಿ ಕಾಣುತ್ತದೆ. ಆರ್‌ಟಿ ಹಾಕದ ಟ್ಯೂಬ್ ಪ್ರತಿ ಮಾದರಿಗೂ ಬೇಕು.

ನ್ಯೂಕ್ಲಿಯಸ್ ತೂಗಿ, ಹೆಪ್ಪುಗಟ್ಟಿದ್ದಾಗಲೇ ಕುಟ್ಟಿ, 5 ಪ್ರತಿಶತ ಸಲ್ಫೊಸ್ಯಾಲಿಸಿಲಿಕ್ ಆಮ್ಲಕ್ಕೆ ಹಾಕಬೇಕು. ಗ್ಲುಟಾಥಯೋನ್ ಜತೆ ಹಳದಿಯಾಗುವ ಡಿಟಿಎನ್‌ಬಿಯ ಮರುಬಳಕೆ ವಿಧಾನದಲ್ಲಿ, 412 ನ್ಯಾನೊಮೀಟರ್‌ನಲ್ಲಿ ಇಳಿಜಾರು (ಬಣ್ಣ ಏರುವ ವೇಗ) ಓದಿದರೆ ಕಂದು ಬಣ್ಣ ತೊಂದರೆ ಕೊಡುವುದಿಲ್ಲ. ಕೊಬ್ಬಿನ ಉತ್ಕರ್ಷಣದ ಗುರುತಾದ ಎಂಡಿಎ ಅಳೆಯುವಾಗ ಹಾಗಲ್ಲ: ಬಲಿತ ಕಂದು ನ್ಯೂಕ್ಲಿಯಸ್ 532 ನ್ಯಾನೊಮೀಟರ್‌ನಲ್ಲೂ ತಾನೇ ಬೆಳಕು ಹೀರುತ್ತದೆ. ಎಂಡಿಎಗೆ ಬಣ್ಣ ಕೊಡುವ ಟಿಬಿಎ ಇಲ್ಲದ ಬ್ಲ್ಯಾಂಕ್ ಪ್ರತಿ ಮಾದರಿಗೂ ಬೇರೆ ಇಡಿ, ಕುದಿಸುವ ಮೊದಲು ಉತ್ಕರ್ಷಣ ತಡೆಯುವ ಬಿಎಚ್‌ಟಿ ಹಾಕಿ.

ಸ್ಲಿಟ್ ಲ್ಯಾಂಪ್‌ನಲ್ಲಿ ನೋಡಿ, ಪೊರೆ ಬಲಿತ ಮಟ್ಟ ಹೇಳುವ ಲಾಕ್ಸ್-3 ಗ್ರೇಡ್ 5ರ ಮೇಲಿದ್ದವುಗಳಲ್ಲಿ ಮಿರ್-34ಎ, ಗ್ರೇಡ್ 3ರವಕ್ಕಿಂತ ನೆನಪಿನ ಮಟ್ಟಿಗೆ ಎರಡು ಪಟ್ಟಿನ ಆಸುಪಾಸು. ಅದೇ ಕಣ್ಣುಗಳಲ್ಲಿ ಗ್ಲುಟಾಥಯೋನ್ ಅರ್ಧಕ್ಕೂ ಕೆಳಗೆ. ಡಿಎನ್‌ಎ ಹಾನಿಯಿಂದ ಪಿ53 ಪ್ರೋಟೀನ್ ಎದ್ದು ಮಿರ್-34ಎ ಏರಿಸುತ್ತದೆ, ಮಿರ್-34ಎ ಕೋಶವನ್ನು ಕಾಯುವ ಸರ್ಟ್1 ಪ್ರೋಟೀನನ್ನು ತಗ್ಗಿಸುತ್ತದೆ ಎಂಬ ಸರಪಳಿಗೆ ಇದು ಹೊಂದುತ್ತದೆ. ಗ್ರೇಡ್ ನೋಡದೆ ಕೂಡಿಸಿದ ಮಾದರಿಯಲ್ಲಿ ಈ ಜೋಡಿ ಕಾಣುವುದು ಸಾಧ್ಯವೇ ಇರಲಿಲ್ಲ. ಮಧುಮೇಹದವರನ್ನು ಬೇರೆ ಮಾಡದಿದ್ದರೆ ಚಿತ್ರ ಕಲಸಿಹೋಗುತ್ತದೆ.

ಇದರ ಮಗ್ಗುಲಲ್ಲೇ ಮಟನ್ ಅಂಗಡಿಯ ಮೇಕೆ ಕಣ್ಣುಗಳಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಪ್ರಯೋಗವನ್ನೂ ನಡೆಸಿದ್ದೇವೆ. ಸತ್ತ ಎರಡು ಗಂಟೆಯೊಳಗಿನ ಲೆನ್ಸ್, 500 ಮೈಕ್ರೊಮೋಲಾರ್. ಮನುಷ್ಯರ ಮಾದರಿಗೆ ಬಳಸಿದ ಮಿರ್-34ಎ ಪ್ರೈಮರೇ ಮೇಕೆಗೂ ಸಾಕು. ಮೀಡಿಯಮ್‌ನಲ್ಲಿ ಸೋಡಿಯಂ ಪೈರುವೇಟ್ ಇದ್ದರೆ ಪೆರಾಕ್ಸೈಡನ್ನು ಅದೇ ತಿಂದುಹಾಕುತ್ತದೆ, ಲೆನ್ಸ್ ಸ್ವಚ್ಛವಾಗಿಯೇ ಉಳಿಯುತ್ತದೆ. ಬಾಟಲಿಯ 30 ಪ್ರತಿಶತವನ್ನೂ ನಂಬಬೇಡಿ: 10 ಮಿಲಿಮೋಲಾರ್‌ಗೆ ತೆಳುಮಾಡಿ 240 ನ್ಯಾನೊಮೀಟರ್‌ನಲ್ಲಿ ನೋಡಿದರೆ ಬೆಳಕು ಹೀರಿಕೆ 0.436 ಬರಬೇಕು.

ಖರ್ಚಿನ ವಿಷಯ: ಪ್ರೋಬ್ ಕಿಟ್ ಒಂದು ಗುರಿಗೆ 30–40 ಸಾವಿರ ಕೇಳುತ್ತಾರೆ. ಸ್ಟೆಮ್-ಲೂಪ್ ಪ್ರೈಮರ್ ನಾವೇ ವಿನ್ಯಾಸ ಮಾಡಿ, ಬೇಸ್‌ಗೆ 15–20 ರೂಪಾಯಿಯಂತೆ ಮಾಡಿಸಿದರೆ ಎರಡು ಸಾವಿರದೊಳಗೆ ಮುಗಿಯುತ್ತದೆ, ಮೇಲೆ ಪಿಸಿಆರ್‌ನಲ್ಲಿ ಹೊಳೆಯುವ ಸೈಬರ್ ಬಣ್ಣದ ಖರ್ಚು. ಮೆಲ್ಟ್ ಕರ್ವ್ (ಬಂದ ಡಿಎನ್‌ಎ ಸರಿಯಾದದ್ದೇ ಎಂದು ಕರಗುವ ತಾಪದಿಂದ ನೋಡುವುದು) ಮಾತ್ರ ಬಿಡುವಂತಿಲ್ಲ, ಟೆಂಪ್ಲೇಟ್ ಇಲ್ಲದ ಟ್ಯೂಬಿನಲ್ಲೂ ಪ್ರೈಮರ್‌ಗಳು ತಮ್ಮತಮ್ಮಲ್ಲೇ ಕೂಡಿ ಏಳುತ್ತವೆ. ವೃತ್ತಾಕಾರ ಆರ್‌ಎನ್‌ಎ ಒಂದು ಬಾಕಿ. ಅಂಥದೊಂದಾದ ಸರ್ಕ್-ಹಿಪ್ಕ್3 ಖಚಿತಪಡಿಸಲು, ನೇರ ಆರ್‌ಎನ್‌ಎಯನ್ನಷ್ಟೇ ಕಡಿಯುವ ಕಿಣ್ವ ಆರ್‌ಎನ್‌ಏಸ್-ಆರ್ ಹಾಕಬೇಕು, ಅದಕ್ಕೆ ಒಂದೆರಡು ಮೈಕ್ರೊಗ್ರಾಂ ಆರ್‌ಎನ್‌ಎ ಬೇಕು. ಆ ಕೆಲಸಕ್ಕೆ ಮಾತ್ರ ಒಂದೇ ಗ್ರೇಡಿನ ಕ್ಯಾಪ್ಸೂಲ್‌ಗಳನ್ನು ಈಗಲೂ ಕೂಡಿಸುತ್ತೇವೆ.